ಮೂರನೇ ಚೀಟಿ

“ಹೆಗಲು ಕೊಡೋಕೆ ನಾವ್ಯಾಕೆ? ಅವತ್ತು ಚಿನ್ನ ಗೆದ್ದರಲ್ಲ, ಆ ದೇಶದವರನ್ನೇ ಕರೆಸಿ. ಓಡೋಡಿ ಬರ್ತಾರೆ.”

ಟೀ ಅಂಗಡಿಯವನು ಇದನ್ನು ಪಕ್ಕದವನ ಕಿವಿಯಲ್ಲಿ ಹೇಳಲಿಲ್ಲ. ಬಸ್ ಡಿಪೋ ಕ್ವಾರ್ಟರ್ಸಿನ ಅಂಗಳದ ನಡುವೆ ನಿಂತು, ಮೂರು ಮಹಡಿಗೂ ಕೇಳುವ ಹಾಗೆ ಹೇಳಿದ. ಸುತ್ತ ಇದ್ದ ಹತ್ತು ಹನ್ನೆರಡು ಜನರಲ್ಲಿ ಇಬ್ಬರು ನಕ್ಕರು. ಒಬ್ಬ ಕೆಮ್ಮಿದ. ಮಿಕ್ಕವರು ತಮ್ಮ ಚಪ್ಪಲಿ ನೋಡಿಕೊಂಡರು.

ಮೇಲೆ, ಮೆಟ್ಟಿಲ ತಿರುವಿನಲ್ಲಿ, ಅಪ್ಪನ ಶವಪೆಟ್ಟಿಗೆಯ ತಲೆಯ ಕಡೆ ಒಂದು ಮೂಲೆ ಹಿಡಿದಿದ್ದ ಮಗನಿಗೆ ಒಂದಕ್ಷರ ಬಿಡದೆ ಕೇಳಿತು. ಕಾಲಿನ ಕಡೆ ಒಂದು ಮೂಲೆಗೆ ಸೋದರಮಾವ, ಇನ್ನೊಂದಕ್ಕೆ ಡಿಪೋದ ಟೈರ್ ಸೆಕ್ಷನ್ನಿನ ಮುದುಕ. ನಾಲ್ಕನೇ ಮೂಲೆಗೆ ಯಾರೂ ಇರಲಿಲ್ಲ. ಮೂವರಿಂದ ಆ ತಿರುವು ದಾಟುವ ಮಾತಲ್ಲ. ಮಾವ ಕೆಳಗಿನವರನ್ನು ಕೂಗಿ ಕರೆದಿದ್ದಕ್ಕೇ ಈ ಉತ್ತರ ಬಂದಿತ್ತು. ಪೆಟ್ಟಿಗೆಯನ್ನು ಗೋಡೆಗೆ ಆನಿಸಿಕೊಂಡು ನಿಂತರು.

“ಬಾಯಿ ಮುಚ್ಕೊಂಡಿರು,” ಎಂದ ಮಾವ. “ಭಾವನ್ನ ಕೆಳಗಿಳಿಸೋ ತನಕ.”

“ನಾನೇನಂದೆ?”

“ನೀನು ಅನ್ನಲ್ಲ, ಕೈ ಎತ್ತೀಯ. ಈಗ ಕೈ ಎತ್ತಿದ್ರೆ ಪೆಟ್ಟಿಗೆ ಬೀಳುತ್ತೆ.”

ಟೈರ್ ಮುದುಕ ಅಂಥದರಲ್ಲೂ ನಕ್ಕುಬಿಟ್ಟ. ಆಮೇಲೆ ಮೂಗು ಒರೆಸಿಕೊಳ್ಳಲು ಕೈ ಸಿಗದೆ ಭುಜಕ್ಕೆ ಒರೆಸಿಕೊಂಡ.

ಪೆಟ್ಟಿಗೆಯಲ್ಲಿದ್ದವನು ಮೂವತ್ತೊಂದು ವರ್ಷ ಡಿಪೋದಲ್ಲಿ ಮಂಡಿಯೂರಿ ಬಸ್ಸಿನ ಟೈರ್ ನೋಡಿದವನು. ಟೈರು ಯಾವ ಮಗ್ಗುಲಲ್ಲಿ ಸವೆದಿದೆ ಎಂದು ಕೈಯಾಡಿಸಿ, ಯಾವ ಡ್ರೈವರ್ ತಿರುವಿನಲ್ಲಿ ಬ್ರೇಕ್ ಒತ್ತುವುದಿಲ್ಲ ಎಂದು ಹೇಳುತ್ತಿದ್ದ. ಅದೆಲ್ಲ ಯಾರಿಗೆ ಬೇಕು. ಊರಿಗೆಲ್ಲ ಅವನು ಕೆಂಪುಚೀಟಿ. ಅವನ ಹೆಂಡತಿ ಕೆಂಪುಚೀಟಿ ಹೆಂಡತಿ. ಮಗ ಕೆಂಪುಚೀಟಿ ಮಗ.

*

ಹತ್ತೊಂಬತ್ತು ವರ್ಷದ ಹಿಂದೆ ಹನ್ನೊಂದು ದೇಶದವರ ನಡಿಗೆ ಪಂದ್ಯ ಈ ಊರಿನ ರಸ್ತೆಯ ಮೇಲೇ ಆಯಿತು. ಆ ಪಂದ್ಯದಲ್ಲಿ ಎಷ್ಟು ಬೇಗ ಬೇಕಾದರೂ ನಡೆಯಬಹುದು, ಓಡುವ ಹಾಗಿಲ್ಲ. ಒಂದು ಪಾದ ಸದಾ ನೆಲದ ಮೇಲಿರಬೇಕು. ಎರಡೂ ಎದ್ದದ್ದು ಕಣ್ಣಿಗೆ ಬಿದ್ದರೆ ತೀರ್ಪುಗಾರ ಕೆಂಪು ಚೀಟಿ ಬರೆಯುತ್ತಾನೆ. ಮೂವರು ತೀರ್ಪುಗಾರರು ಬರೆದರೆ ಆಟಗಾರ ಹೊರಗೆ.

ದೇಶದ ಪರವಾಗಿ ನಡೆಯುವವನು ಕ್ವಾರ್ಟರ್ಸಿನ ಹಿಂದಿನ ಬೀದಿಯ ಹುಡುಗ, ಇಪ್ಪತ್ತೆರಡು ವರ್ಷ. ಬೆಳಗಿನ ಹೊತ್ತು ಡಿಪೋ ರಸ್ತೆಯಲ್ಲೇ ಅವನ ಅಭ್ಯಾಸ. ರಜೆ ಹಾಕಿ ಪರೀಕ್ಷೆ ಬರೆದು ತೀರ್ಪುಗಾರನಾಗಿದ್ದ ಅಪ್ಪ ಶಿಫ್ಟಿಗೆ ಹೋಗುವಾಗ ಅವನ ಪಕ್ಕದಲ್ಲೇ ಸೈಕಲ್ ತುಳಿಯುತ್ತ “ನೆಲ ನೋಡ್ಕೋ, ನೆಲ ನೋಡ್ಕೋ” ಎಂದು ಗೇಟಿನವರೆಗೂ ಹೇಳುತ್ತಿದ್ದ.

ಪಂದ್ಯದ ಹಿಂದಿನ ಸಂಜೆ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತ ಹೆಂಡತಿಗೆ ಹೇಳಿದ್ದ: “ತೀರ್ಪುಗಾರ ಚಪ್ಪಾಳೆ ತಟ್ಟೋ ಹಾಗಿಲ್ಲ ಕಣೇ. ನನ್ನ ಪಾಲಿಂದೂ ನೀನೇ ತಟ್ಟು.”

ತೀರ್ಪು ನೋಡಲು ಅವನನ್ನು ನಿಲ್ಲಿಸಿದ್ದು ಗೋದಾಮಿನ ಹಿಂದಿನ ತಿರುವಿನಲ್ಲಿ. ಜನ ಇಲ್ಲ, ಬರೀ ಗೋಡೆ. ಹುಡುಗ ಎಲ್ಲರಿಗಿಂತ ಮುಂದಿದ್ದ. ಒಂದು ಸುತ್ತಿನಲ್ಲಿ ಅವನ ಎರಡು ಶೂಗಳ ಅಡಿಯಲ್ಲೂ ಬೆಳಕು ಕಂಡಿತು. ಎಚ್ಚರಿಕೆಯ ಹಳದಿ ಫಲಕ ತೋರಿಸಿದ. ಮುಂದಿನ ಸುತ್ತಿನಲ್ಲೂ ಬೆಳಕು ಕಂಡಿತು. ಚೀಟಿ ಬರೆದ. ಉಳಿದವರು ಏನು ಬರೆದಿದ್ದಾರೆ ಎಂದು ತೀರ್ಪುಗಾರರು ಒಬ್ಬರನ್ನೊಬ್ಬರು ಕೇಳುವಂತಿಲ್ಲ. ಅವನ ಚೀಟಿ ಮೇಜಿಗೆ ತಲುಪಿದಾಗ ಅಲ್ಲಿ ಆಗಲೇ ಎರಡಿದ್ದವು, ಎರಡೂ ಹೊರದೇಶದವರದು. ಮೂರನೆಯದು ನಮ್ಮವನದೇ.

ಗೆಲುವಿನ ಗೆರೆಗೆ ಇನ್ನು ಆರುನೂರು ಮೀಟರ್ ಇರುವಾಗ ಹುಡುಗನನ್ನು ರಸ್ತೆಯಿಂದ ಈಚೆಗೆ ಕರೆದರು. ಹೆಂಡತಿ ಎರಡು ಪಾಲಿನ ಚಪ್ಪಾಳೆ ತಟ್ಟುತ್ತಲೇ ಇದ್ದಳು. ಪಕ್ಕದ ಹೆಂಗಸು ಅವಳ ಕೈ ಹಿಡಿದು ನಿಲ್ಲಿಸಬೇಕಾಯಿತು.

“ಒಂದು ಗಳಿಗೆ ಕಣ್ಣು ಮುಚ್ಚಿದ್ರೆ ಏನಾಗ್ತಿತ್ತು ಭಾವ?” ಎಂದು ಮಾವನೂ ಕೇಳಿದ್ದ.

“ನೋಡೋಕೆ ತಾನೇ ನಿಲ್ಲಿಸಿದ್ದು ನನ್ನ,” ಎಂದಿದ್ದ ಅವನು. ಅಷ್ಟೇ. ಆಮೇಲೆ ಆ ಮಾತೇ ಎತ್ತಲಿಲ್ಲ.

*

ಅಲ್ಲಿಂದಾಚೆ ದೇಶ ಯಾವ ಆಟ ಆಡಿದರೂ ಅವನು ಬಾಗಿಲು ಹಾಕಿ, ಟಿವಿಯ ಸದ್ದು ಇಳಿಸಿ ನೋಡುತ್ತಿದ್ದ. ಗೆದ್ದರೆ ತೊಡೆಯ ಮೇಲೆ ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದ. ಒಂದು ಸಲ ಮಾತ್ರ ತಡೆಯಲಾರದೆ ಕೆಳಗಿಳಿದ. ಅಂಗಳದಲ್ಲಿ ಕುಣಿಯುತ್ತಿದ್ದವರು ನಿಂತುಬಿಟ್ಟರು.

“ನೀವು ಇವತ್ತು ಯಾವ ಕಡೆ?” ಎಂದು ಟೀ ಅಂಗಡಿಯವನು ಕೇಳಿದ.

“ಹಾಲು ತರೋಕೆ ಬಂದೆ,” ಎಂದ. ಕೈಯಲ್ಲಿ ಪಾತ್ರೆಯೂ ಇರಲಿಲ್ಲ, ಚೀಲವೂ ಇರಲಿಲ್ಲ.

ಮಗ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಚಾಂಪಿಯನ್ ಮುಖ್ಯ ಅತಿಥಿ. ಹೌದು, ಅಷ್ಟು ಹೊತ್ತಿಗೆ ಆ ನಡಿಗೆಯ ಹುಡುಗನ ಹೆಸರೇ ಚಾಂಪಿಯನ್. ಗೆದ್ದವರನ್ನು ಜನ ಒಂದು ವರ್ಷ ನೆನೆಯುತ್ತಾರೆ, ಮೋಸಹೋದವನನ್ನು ಸಾಯುವ ತನಕ ಮೆರೆಸುತ್ತಾರೆ. ಮೈಕಿನ ಮುಂದೆ ನಿಂತು ಅವನು ಹೇಳಿದ: “ಹೊರಗಿನವರು ಎರಡು ಸಲ ಇರಿದರು ಮಕ್ಕಳೇ, ನಾನು ಸಾಯಲಿಲ್ಲ. ಮೂರನೇದು ಮನೆಯವರ ಚಾಕು.”

ಆರುನೂರು ಮಕ್ಕಳು ತಿರುಗಿ ನೋಡಿದರು. ಮಗ ಎದ್ದು ಗೇಟು ದಾಟಿ ಹೋದ, ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ. ಸೋಮವಾರ ವೆಲ್ಡಿಂಗ್ ಅಂಗಡಿಗೆ ಸೇರಿಕೊಂಡ. ಸಂಜೆ ಅಪ್ಪ ಬಂದು, ಹಾರುವ ಕಿಡಿ ನೋಡುತ್ತ ಬಹಳ ಹೊತ್ತು ನಿಂತ. ಬೈಯಲಿಲ್ಲ, ವಾಪಸ್ ಹೋಗು ಎನ್ನಲಿಲ್ಲ.

“ಕನ್ನಡಕ ಹಾಕ್ಕೊಂಡು ಮಾಡು,” ಎಂದ. “ಕಣ್ಣು ಮುಖ್ಯ.”

*

ಕೆಳಗೆ ಕಾರು ನಿಂತ ಸದ್ದಾಯಿತು. ಜನ ದಾರಿ ಬಿಟ್ಟರು. ಹೊಟ್ಟೆ ಬಂದಿದ್ದ, ಕೂದಲು ಹಿಂದಕ್ಕೆ ಸರಿದಿದ್ದ ಚಾಂಪಿಯನ್ ತಲೆಯೆತ್ತಿ ಗೋಡೆಗೆ ಆನಿಸಿದ್ದ ಪೆಟ್ಟಿಗೆ ನೋಡಿದ. ಏನೂ ಕೇಳದೆ ಮೆಟ್ಟಿಲು ಹತ್ತಿ ಬಂದು ನಾಲ್ಕನೇ ಮೂಲೆಗೆ ಕೈ ಕೊಟ್ಟ.

ಆಗ ನೋಡಬೇಕಿತ್ತು. ಎಲ್ಲಿದ್ದರೋ ಎಂಟು ಜನ ಮೇಲೆ ನುಗ್ಗಿದರು. ಟೀ ಅಂಗಡಿಯವನೂ ಬಂದು ಪೆಟ್ಟಿಗೆಯ ಅಡಿಗೆ ಎರಡು ಬೆರಳು ತಾಗಿಸಿಕೊಂಡು ಇಳಿದ.

“ದೊಡ್ಡಮನುಷ್ಯ ಅಂದ್ರೆ ಇವರು ಕಣಪ್ಪ,” ಎಂದು ಇಳಿಯುತ್ತಲೇ ಹೇಳಿದ. “ಕತ್ತು ಕೊಯ್ದವನಿಗೆ ಹೆಗಲು ಕೊಡೋದಂದ್ರೆ ಸುಮ್ನೇನಾ?”

ಪೆಟ್ಟಿಗೆ ವ್ಯಾನಿನೊಳಗೆ ಹೋಯಿತು. ಅಮ್ಮ ಅದರ ಪಕ್ಕ ಹತ್ತಿ ಕೂತಳು. ಟೀ ಅಂಗಡಿಯವನು ಕೈ ಉಜ್ಜಿಕೊಂಡ. “ಚಾಂಪಿಯನ್, ಹೊರಡೋ ಮುಂಚೆ ನಾಲ್ಕು ಮಾತು ಆಡಿ. ಕ್ಷಮಿಸಿದೆ ಅಂತ ನಿಮ್ಮ ಬಾಯಲ್ಲಿ ಬಂದ್ರೆ ಅವನಿಗೂ ನೆಮ್ಮದಿ.”

“ಒಂದು ನಿಮಿಷ,” ಎಂದ ಚಾಂಪಿಯನ್. ಮಗನ ಮೊಣಕೈ ಹಿಡಿದು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದೊಯ್ದ.

ಅವನು ಬಾಯಿ ತೆರೆಯುವ ಮೊದಲೇ ಮಗ ಕೇಳಿದ. ಇದನ್ನು ಕೇಳಬೇಕೆಂದು ಹತ್ತು ವರ್ಷದಿಂದ ಕಾದಿದ್ದ.

“ಅವತ್ತು ಕಾಲು ನೆಲ ಬಿಟ್ಟಿತ್ತಾ?”

“ಬಿಟ್ಟಿತ್ತು.” ತಡವರಿಸಲಿಲ್ಲ. “ನಡೆಯೋನಿಗೆ ಗೊತ್ತಾಗುತ್ತಪ್ಪ. ನಿಮ್ಮಪ್ಪ ನೋಡಿದ್ದು ಸರಿ.”

ಮಗ ಟ್ಯಾಂಕಿನಾಚೆ ನಿಂತಿದ್ದ ವ್ಯಾನಿನ ಕಡೆ ನೋಡಿದ.

“ಹತ್ತು ದಿನ ಬಿಟ್ಟು ಡಿಪೋಗೆ ಹೋಗಿದ್ದೆ,” ಎಂದ ಚಾಂಪಿಯನ್. “ಅಣ್ಣಾ, ಎಲ್ಲರ ಮುಂದೆ ಹೇಳ್ಬಿಡ್ತೀನಿ ಅಂದೆ. ಅವರು ಟೈರಿಂದ ತಲೆ ಎತ್ತಲಿಲ್ಲ. ‘ಬೇಡ ಕಣೋ. ಮುಂದಿನ ವರ್ಷ ದೇಶಕ್ಕೆ ನಡೀಬೇಕಾದೋನು ನೀನು. ಜನ ನಿನ್ನ ಕಡೆ ಇರಲಿ. ನಾನು ಟೈರ್ ನೋಡ್ಕೊಂಡಿರೋನು, ನನಗೇನಾಗುತ್ತೆ’ ಅಂದರು.”

“ಮುಂದಿನ ವರ್ಷ ನಡೆದ್ರಾ?”

“ಮಂಡಿ ಹೋಯ್ತು.”

“ಆಮೇಲೂ ಹದಿನೆಂಟು ವರ್ಷ ಇತ್ತಲ್ಲ.”

ಚಾಂಪಿಯನ್ ಇನ್ನೊಂದು ಕೈಯಿಂದ ಮಂಡಿ ಒತ್ತಿಕೊಂಡ.

“ನಮ್ಮ ಸ್ಕೂಲಿಗೆ ಬಂದಿದ್ರಿ. ಚಾಕು ಅಂದ್ರಿ.”

“ನೀನು ಅಲ್ಲಿದ್ದೆ ಅಂತ ಗೊತ್ತಿರಲಿಲ್ಲ ಕಣಪ್ಪ.”

“ಇಲ್ದಿದ್ರೆ ಅನ್ನಬಹುದಾ?”

ಮಗನಿಗೆ ಸಿಟ್ಟು ಯಾರ ಮೇಲೆ ಎಂದೇ ತಿಳಿಯಲಿಲ್ಲ. ಅಪ್ಪ ಈ ಮನುಷ್ಯನಿಗೆ ‘ಬೇಡ’ ಎಂದಿದ್ದ. ಮನೆಯಲ್ಲಿ ಹೆಂಡತಿಯನ್ನು ಕೇಳಿರಲಿಲ್ಲ, ಮಗನನ್ನು ಕೇಳಿರಲಿಲ್ಲ. ಬಾಗಿಲು ಹಾಕಿಕೊಂಡು ತೊಡೆ ತಟ್ಟಿಕೊಳ್ಳುತ್ತ ಕೂತಿದ್ದ, ಇವನು ಮೈಕು ಹಿಡಿದು ಊರೂರು ತಿರುಗುವಾಗ.

“ಈಗ ಹೇಳ್ಬಿಡ್ಲಾ?” ಎಂದ ಚಾಂಪಿಯನ್. “ನೀನು ಹೂಂ ಅಂದ್ರೆ ಈಗಲೇ, ಅವರೆಲ್ಲರ ಮುಂದೆ. ಬೇಡ ಅಂದ್ರೆ…”

ಅಲ್ಲಿಗೆ ನಿಲ್ಲಿಸಿ ಮಗನ ಮುಖ ನೋಡಿದ. ಮಗನಿಗೆ ಆಗ ಅರ್ಥವಾಯಿತು. ಹತ್ತೊಂಬತ್ತು ವರ್ಷ ಒಂದು ‘ಬೇಡ’ದ ಮೇಲೆ ಬದುಕಿದವನು. ಕೊಟ್ಟವನು ಸತ್ತ. ಇನ್ನೊಂದು ‘ಬೇಡ’ವನ್ನು ಮಗನಿಂದ ಕೇಳಿ ಪಡೆಯಲು ಬಂದಿದ್ದ.

‘ಹೇಳು’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಾಗೆ ಹೇಳಿದರೆ ನಾಳೆಗೆ ಜನರ ಬಾಯಲ್ಲಿ ಅದು, ಪಾಪ, ಹೆಣದ ಮುಂದೆ ಮಗ ಹಟ ಹಿಡಿದು ಹೇಳಿಸಿದ ಮಾತಾಗುತ್ತದೆ. ಅಂಗಳದಿಂದ ಟೀ ಅಂಗಡಿಯವನು ಕರೆದ, “ಬರಬೇಕು ಚಾಂಪಿಯನ್, ಎಲ್ಲ ಕಾಯ್ತಾ ಇದ್ದಾರೆ.”

“ಏನಾದ್ರೂ ಹೇಳಪ್ಪ,” ಎಂದ ಚಾಂಪಿಯನ್.

ಮಗ ಅವನ ಕೈಯಿಂದ ಮೊಣಕೈ ಬಿಡಿಸಿಕೊಂಡ. ವ್ಯಾನಿನ ಕಡೆ ನಡೆದ. ಹಿಂದೆ ಜನ ಅರ್ಧಚಂದ್ರದ ಹಾಗೆ ಸರಿದು ನಿಂತು, ನಡುವೆ ಒಬ್ಬನಿಗೆ ನಿಲ್ಲುವಷ್ಟು ಜಾಗ ಬಿಟ್ಟರು. “ಶ್, ಮಾತಾಡ್ತಾರೆ,” ಎಂದರು ಯಾರೋ. ಚಾಂಪಿಯನ್ ಕರ್ಚೀಫು ತೆಗೆದು, ಒದ್ದೆಯೇ ಆಗಿರದ ಕೈಗಳನ್ನು ಒಂದೊಂದು ಬೆರಳಾಗಿ ಒರೆಸಿಕೊಳ್ಳುತ್ತ ಬಂದು ಆ ಜಾಗದಲ್ಲಿ ನಿಂತ. ಅಂಗಳ ಸುಮ್ಮನಾಯಿತು. ಆ ಮೌನದಲ್ಲಿ ಕೇಳುತ್ತಿದ್ದದ್ದು, ತಿರುಗಿ ನೋಡದೆ ಹೋಗುತ್ತಿದ್ದವನ ಹೆಜ್ಜೆಯ ಸದ್ದೊಂದೇ.