ಮೀನಿನಂಗಡಿಯ ಒಕ್‌ಬುನಳ ಪಟ

“ಆಗಲ್ಲ ಅಂದ್ರೆ ಆಗಲ್ಲ ಕಣಮ್ಮ,” ಎನ್ನುತ್ತ ಗಿಲ್‌ಸು ಚಿಕ್ಕಪ್ಪ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿದ. ಅತ್ತಿಗೆ ಒಕ್‌ಬುನಳ ಶವಪೆಟ್ಟಿಗೆಗೆ ಹೊದಿಸುವ ಕೆಂಪು ಬಟ್ಟೆಯ ಪಟ ಮುಂದೆ ಹಾಸಿತ್ತು. “ಸರ್ಕಾರದ ಅಧಿಕಾರ ಕಾಣದೆ ಸತ್ತ ಗಂಡಸಿಗೆ ಪಟದ ಮೇಲೆ ‘ವಿದ್ಯಾರ್ಥಿ’ ಅಂತ ಬರೀತೀವಿ. ಹೆಂಗಸಿಗೆ ‘ಅಧಿಕಾರಿಯ ಪತ್ನಿ’. ತಾತ ಮುತ್ತಾತರ ಕಾಲದಿಂದ ಹೀಗೇ.”

“ಅಪ್ಪ ಶಾಲೆ ಮೆಟ್ಟಿಲು ತುಳೀಲಿಲ್ಲ, ಅವರು ವಿದ್ಯಾರ್ಥಿ,” ಎಂದಳು ಮಗಳು ಸೊಂಗ್‌ಹೀ. “ಎಪ್ಪತ್ತೆರಡನೇ ವಯಸ್ಸಿಗೆ ಕಾಲೇಜು ಸೇರಿದ ಅಮ್ಮ ಅಧಿಕಾರಿಯ ಪತ್ನಿ. ಯಾವ ಅಧಿಕಾರಿ ಚಿಕ್ಕಪ್ಪ?”

“ಸೇರಿದ್ಲು ಸರಿ. ಪಾಸಾದ್ಲಾ?”

ಅದೇ ಸೊಂಗ್‌ಹೀಗೂ ಗೊತ್ತಿರಲಿಲ್ಲ. ಒಕ್‌ಬುನ್ ಅಂಗಡಿಯಲ್ಲಿ ಕೂಗಿದರೆ ಇಡೀ ಆಂಡೋಂಗ್ ಊರೇ ಬೆಚ್ಚುತ್ತಿತ್ತು, ಉಪ್ಪು ಹಚ್ಚಿದ ಬಂಗುಡೆಗಳೂ ಕಣ್ಣು ಪಿಳುಕಿಸುತ್ತಿದ್ದವು. ಅಂಥವಳು ಅಂಕದ ಮಾತು ಬಂದರೆ ತುಟಿ ಹೊಲಿದುಕೊಳ್ಳುತ್ತಿದ್ದಳು. ಬುಧವಾರ ಬುಧವಾರ ಕಾಲೇಜಿನ ಪ್ರೊಫೆಸರೊಬ್ಬರ ಕೋಣೆಗೆ ಹೋಗುತ್ತಿದ್ದಳು. ಅಲ್ಲೇನು ನಡೆಯುತ್ತಿತ್ತೋ, ದೇವರೇ ಬಲ್ಲ.

“ಆ ಮೇಷ್ಟ್ರನ್ನೇ ಕೇಳೋಣ ಅಂದ್ರೆ, ಮೀನು ಮಾರೋಳ ಸಾವಿಗೆ ಅವರ್ಯಾಕೆ ಬರ್ತಾರೆ?” ಎಂದ ಚಿಕ್ಕಪ್ಪ.

ಬಂದರು. ಊಟದ ಕಡ್ಡಿಗಿಂತ ತೆಳ್ಳಗಿದ್ದ ಪ್ರೊಫೆಸರ್ ನಾಮ್, ಒಕ್‌ಬುನಳ ಚಿತ್ರಕ್ಕೆ ಎರಡು ಸಲ ನೆಲಮುಟ್ಟಿ ನಮಿಸಿ, ಸಾವಿಗೆ ಬಂದವರಿಗೆಲ್ಲ ಬಡಿಸುವ ಖಾರದ ಮಾಂಸದ ಸಾರಿನ ಮುಂದೆ ಕುಳಿತರು. ಸೊಂಗ್‌ಹೀ ಸುತ್ತುಬಳಸದೆ ಅಂಕ ಕೇಳಿದಳು.

“ಮೊದಲ್ನೇ ಪರೀಕ್ಷೇಲಿ ನೂರಕ್ಕೆ ಹನ್ನೊಂದು.”

ಚಿಕ್ಕಪ್ಪನ ಬಾಯಿ ಎರಡು ಕಿವಿಗಳನ್ನೂ ಮುಟ್ಟಿಬಂತು.

*

ಆ ಹನ್ನೊಂದು ಅಂಕ ಬಂದ ಬುಧವಾರ ಒಕ್‌ಬುನ್ ಬಾಗಿಲು ತಟ್ಟಿದ ರಭಸಕ್ಕೆ ಪಕ್ಕದ ಕಟ್ಟಡದವರು ಭೂಕಂಪವೆಂದು ಓಡಿದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾಮರ ಕೋಣೆಗೆ ಅಲ್ಲಿಯವರೆಗೆ ನೊಣವೂ ಬಂದಿರಲಿಲ್ಲ.

“ಅಂಕ ಬೇಡಕ್ಕೆ ಬಂದಿಲ್ಲ ಮೇಷ್ಟ್ರೇ. ಸಮುದ್ರಕ್ಕೆ ಉಪ್ಪು ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಇತ್ತಲ್ಲ, ಅದರಲ್ಲಿ ನಾನೆಲ್ಲಿ ದಾರಿ ತಪ್ಪಿದೆ, ತೋರಿಸಿ.”

ಅವರು ಒಂದು ಗಂಟೆ ಹೇಳಿದರು. ಅವಳು ಎಲ್ಲ ಬರೆದುಕೊಂಡು ಎದ್ದಳು.

“ಇಷ್ಟು ಚೆನ್ನಾಗಿ ಹೇಳೋರು ಕ್ಲಾಸಲ್ಲಿ ಯಾಕೆ ಗೋಡೆಗೆ ಪಾಠ ಮಾಡ್ತೀರಿ? ಬೆನ್ನು ತಿರುಗಿಸಿ ನಿಂತ್ರೆ ಒಂದು ಮೀನೂ ಮಾರಕ್ಕಾಗಲ್ಲ.”

ಮರುದಿನ ನಾಮ್ ಗೋಡೆ ಬಿಟ್ಟು ಕ್ಲಾಸಿನ ಕಡೆ ಮುಖ ಮಾಡಿ ನಿಂತರು. ಹುಟ್ಟಿದಾಗಿನಿಂದ ನಿದ್ದೆಯಲ್ಲಿದ್ದ ನಲವತ್ತು ಹುಡುಗರು ಎದ್ದು ಕುಳಿತರು.

*

“ಎರಡನೇದ್ರಲ್ಲಿ ಮೂವತ್ತೆಂಟು, ಮೂರನೇದ್ರಲ್ಲಿ ಅರವತ್ತೊಂದು,” ಎಂದರು ನಾಮ್. “ಕೊನೇದು ಸೋಮವಾರ ಇದೆ.”

“ಅಂದ್ರೆ ಪಾಸಾಗಿಲ್ಲ.”

“ಇಲ್ಲ ಯಜಮಾನ್ರೇ. ಪಾಸಾಗಿ ಹೊರಗೆ ಹೋದೋರನ್ನ ಪದವೀಧರರು ಅಂತೀವಿ. ಪಾಸಾಗದೆ ಇನ್ನೂ ಕಲೀತಿರೋರನ್ನ ಏನಂತಾರೆ, ಹಿರಿಯರು ನೀವೇ ಹೇಳಿ.”

ಚಿಕ್ಕಪ್ಪ ಪಟದತ್ತ ನೋಡಿದ, ಕುಂಚದತ್ತ ನೋಡಿದ. ಹೊರಗೆ ಹೆಣದ ಗಾಡಿ ಸದ್ದು ಮಾಡಿತು. ಅವನು ಕುಂಚವನ್ನು ಮೆಲ್ಲಗೆ ಮೇಷ್ಟ್ರ ಕಡೆಗೆ ತಳ್ಳಿದ.

ನಾಮರ ಕೈಬರಹವೋ, ಏಡಿ ಕುಡಿದು ನಡೆದಂತೆ. ‘ವಿದ್ಯಾರ್ಥಿ’ ಎಂಬುದೊಂದೇ ಅರ್ಧ ಪಟ ನುಂಗಿತು. ವಂಶದ ಹೆಸರು ಅಂಚಿನಲ್ಲಿ ಮುದುಡಿ ಕೂರಬೇಕಾಯಿತು. ಚಿಕ್ಕಪ್ಪ ಮಂಡಿಯೂರಿ, ಬಟ್ಟೆ ಸುಕ್ಕಾಗದಂತೆ ಎರಡೂ ಅಂಗೈಗಳಿಂದ ಅದುಮಿ ಹಿಡಿದು, ಕೆನ್ನೆಯುಬ್ಬಿಸಿ, ಒಂದೊಂದೇ ಅಕ್ಷರವನ್ನು ಊದಿ ಒಣಗಿಸುತ್ತಿದ್ದ.