ಶೆಟ್ಟರು ಬಾಯ್ಲರಿಗೆ ಬ್ರಷ್ ಹಾಕಿದ್ದು

ಹಾಲಾಡಿ ಪೇಟೆ ದಾಟಿ ಶಂಕರನಾರಾಯಣದ ಕಡೆ ಹೋಗುವ ದಾರಿಯಲ್ಲಿ ಚಂದಯ್ಯ ಶೆಟ್ಟರ ಅಕ್ಕಿ ಮಿಲ್ಲಿದೆ. ಕುಚ್ಚಲಕ್ಕಿಗಾಗಿ ಭತ್ತ ಬೇಯಿಸಲು ಅಲ್ಲೊಂದು ಬಾಯ್ಲರ್. ಮೇಲೆ ಮನುಷ್ಯ ನುಸುಳಿ ಕೂರುವಷ್ಟು ದೊಡ್ಡ ಡ್ರಮ್, ಕೆಳಗೊಂದು ಚಿಕ್ಕ ಡ್ರಮ್, ಎರಡರ ನಡುವೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಕೊಳವೆಗಳು. ಕೊಳವೆಯ ಒಳಗೆ ನೀರು, ಹೊರಗೆ ಉಮಿಯ ಬೆಂಕಿ. ಶೆಟ್ಟರು ಬೆಳಿಗ್ಗೆ ಮಿಲ್ಲಿಗೆ ಕಾಲಿಟ್ಟರೆ ಮೊದಲು ಬಾಯ್ಲರಿನ ಉಗಿಯೊತ್ತಡ ತೋರಿಸುವ ಮುಳ್ಳು ನೋಡುತ್ತಿದ್ದರು, ಎದುರಿಗಿದ್ದ ಮನುಷ್ಯರ ಮುಖ ಆಮೇಲೆ.

"ನಂಗೆ ಜ್ವರ ಬಂದ್ರೂ ಕೇಣುದಿಲ್ಲೆ. ಅದ್ಕ್ ಒಂದ್ ಕೆಮ್ಮು ಬಂದ್ರೆ ಊಟ ಬಿಟ್ಟ್ ಓಡ್ತ್ರ್" ಎಂದು ಅವರ ಹೆಂಡತಿ ಸರಸ ನೆಂಟರ ಮುಂದೆಲ್ಲ ಹೇಳುತ್ತಿದ್ದರು. ಶೆಟ್ಟರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಳ್ಳುತ್ತಿದ್ದರು.

ಈ ವರ್ಷ ಬಾಯ್ಲರಿಗೆ ಕೆಮ್ಮು ನಿಜಕ್ಕೂ ಬಂತು. ಉಮಿ ಎಷ್ಟು ಸುರಿದರೂ ಉಗಿ ಏರದು, ಭತ್ತ ಹೊತ್ತಿಗೆ ಸರಿಯಾಗಿ ಬೇಯದು. ಮಿಲ್ಲಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಗ ಕೌಶಲ್, ಕೊಳವೆಗಳ ಒಳಗೆ ನೀರಿನ ಸುಣ್ಣ ಗಟ್ಟಿಯಾಗಿ ಹಕ್ಕಳೆ ಕಟ್ಟಿದೆ, ಅದನ್ನು ತೆಗೆಸಬೇಕು ಎಂದ.

"ಶಂಕರನಾರಾಯಣದ ರಮಿತಾ ಇದೇ ಕೆಲ್ಸ ಮಾಡುದ್, ಅಪ್ಪಯ್ಯ. ಅವ್ಳ ಹತ್ರ ಮಷಿನ್ ಇತ್ತ್. ಫೋನ್ ಮಾಡ್ಲಾ?"

"ಕೊಳವೆ ತೊಳುಕೆ ಮಷಿನ್ ಎಂತಕೆ? ಸ್ವಲ್ಪ ಬುದ್ಧಿ ಇದ್ರೆ ಸಾಕ್. ಅದ್ ನಂಗಿತ್ತ್."

ಆ ಭಾನುವಾರ ಮಿಲ್ಲಿಗೆ ರಜೆ. ಬಾಯ್ಲರ್ ತಣ್ಣಗಾಗಿತ್ತು. ಕೌಶಲ್ ಕುಂದಾಪುರಕ್ಕೆ ಹೋಗಿದ್ದ. ಶೆಟ್ಟರು ನೀರು ಖಾಲಿ ಮಾಡಿ, ಕೆಳಗಿನ ಡ್ರಮ್ಮಿನ ಬಾಗಿಲು ಬಿಚ್ಚಿ, ಬುದ್ಧಿಯನ್ನು ಹೊರತೆಗೆದರು. ಬಚ್ಚಲ ಪೈಪು ಕಟ್ಟಿದಾಗ ತೂರಿಸುವ ಉದ್ದನೆಯ ತಂತಿಯೊಂದು ಮನೆಯಲ್ಲಿತ್ತು. ಅದರ ತುದಿಗೆ ಅಡುಗೆಮನೆಯಿಂದ ತಂದ ಫ್ಲಾಸ್ಕ್ ತೊಳೆಯುವ ಬ್ರಷ್ಷನ್ನು ಬಿಗಿದು ಕಟ್ಟಿದರು.

ಮೂಲೆಯ ಮೊದಲ ಕೊಳವೆಯಲ್ಲಿ ಬ್ರಷ್ ಸಲೀಸಾಗಿ ಮೇಲೇರಿತು. ಶೆಟ್ಟರು ತಮ್ಮಷ್ಟಕ್ಕೆ ನಕ್ಕರು. ಬಾಗು ಬಂದಲ್ಲಿ ಅದು ನಿಂತಿತು. ತಳ್ಳಿದರು, ಏರಲಿಲ್ಲ. ಎಳೆದರು, ಇಳಿಯಲಿಲ್ಲ. ತಿರುಚಿ ತಿರುಚಿ ಎಳೆದರು. 'ಟಕ್' ಎಂದಿತು, ಕೈಗೆ ತಂತಿಯೊಂದೇ ಹಗುರವಾಗಿ ಬಂತು. ಬ್ರಷ್ಷೂ ಮೊಳದುದ್ದದ ತಂತಿಯೂ ಒಳಗೇ ಉಳಿದವು.

ಡ್ರಮ್ಮಿನ ಬಾಗಿಲು ಮುಚ್ಚಿ, ಕೈ ತೊಳೆದು, ಶೆಟ್ಟರು ಊಟಕ್ಕೆ ಕೂತರು. ಎರಡನೇ ಸಲ ಬಡಿಸುವಾಗ ಸರಸ ಅವರ ಮುಖ ನೋಡಿದರು.

"ಮೀನ್ ಸಾರಿಗೆ ಉಪ್ಪ್ ಹಾಕುಕೆ ಮರ್ತದ್ದ್ ನಂಗೆ ಈಗ ಗೊತ್ತಾಯ್ತ್. ನಿಮ್ಗೆ ಗೊತ್ತಾಯ್ಲಿಲ್ಯಾ?"

"ಆಯ್ತ್. ಬೇಜಾರ್ ಮಾಡುದ್ ಬ್ಯಾಡ ಅಂದ್ಕಂಡೆ."

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಶೆಟ್ಟರು ಹಾಗೆ ಅಂದುಕೊಂಡದ್ದು ಇದೇ ಮೊದಲು. ಸರಸರಿಗೆ ಅವತ್ತೇ ಅನುಮಾನ ಹುಟ್ಟಿತು.

ಒಂದು ಮಾತು ಹೇಳಲೇಬೇಕು. ಶೆಟ್ಟರಿಗೆ ಜಂಬ ಇತ್ತು, ಆದರೆ ಬಾಯ್ಲರ್ ಅಂದರೆ ಏನೆಂದೂ ಗೊತ್ತಿತ್ತು. ನೀರು ಹರಿಯದ ಕೊಳವೆಗೆ ಬೆಂಕಿ ತಾಗಿದರೆ ಅದು ಕೆಂಪಗೆ ಕಾದು ಒಡೆಯುತ್ತದೆ. ಒಡೆದರೆ ಎದುರಿಗಿದ್ದವರ ಗತಿ ಏನು ಎಂದು ಯೋಚಿಸಿ ಅವರಿಗೆ ನಿದ್ದೆ ಬರಲಿಲ್ಲ. ಹಾಗಾಗಿ ಸೋಮವಾರ ಅವರು ಬೆಂಕಿ ಹಾಕಲು ಬಿಡಲಿಲ್ಲ. ಉಮಿ ಒದ್ದೆಯಾಗಿದೆ ಎಂದರು. ಕೌಶಲ್ ಒಣಗಿದ ಉಮಿ ತರಿಸಿದ. ಚಿಮಣಿಯಲ್ಲಿ ಕಾಗೆ ಗೂಡು ಕಟ್ಟಿದೆ ಎಂದರು. ಕೌಶಲ್ ಏಣಿ ಹತ್ತಿ ನೋಡಿ ಬಂದ.

"ಗೂಡ್ ಇಲ್ಯಲ್ಲ, ಅಪ್ಪಯ್ಯ."

"ಹಾರಿ ಹೋಯ್ತಾ ಏನೊ."

"ಗೂಡ್ ಹಾರುತ್ತಾ?"

ಶೆಟ್ಟರು ಫೋನು ಬಂದವರ ಹಾಗೆ ಎದ್ದು ಹೊರಗೆ ಹೋದರು. ಇತ್ತ ತೊಟ್ಟಿಯಲ್ಲಿ ನೆನೆಹಾಕಿದ್ದ ಭತ್ತ ಹುಳಿ ವಾಸನೆ ಹೊಡೆಯತೊಡಗಿತು. ಕೌಶಲ್ ಇನ್ನು ಕೇಳುತ್ತ ಕೂರಲಿಲ್ಲ, ರಮಿತಾಳಿಗೆ ತಾನೇ ಫೋನ್ ಮಾಡಿದ.

ರಮಿತಾ ಮರುದಿನವೇ ತನ್ನ ಓಮ್ನಿಯಲ್ಲಿ ಬಂದಳು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಘಟ್ಟದ ಮೇಲಿನ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ಬಾಯ್ಲರ್ ನೋಡಿಕೊಂಡಿದ್ದವಳು. ಊರಿಗೆ ಮರಳಿ ಸ್ವಂತ ಯಂತ್ರ ಕೊಂಡು, ಬೈಂದೂರಿನಿಂದ ಬ್ರಹ್ಮಾವರದವರೆಗಿನ ಗೇರುಬೀಜದ ಕಾರ್ಖಾನೆ, ಅಕ್ಕಿ ಮಿಲ್ಲುಗಳಿಗೆಲ್ಲ ಹೋಗುತ್ತಿದ್ದಳು. ಅವಳು ಒಂದೊಂದಾಗಿ ಸಾಮಾನು ಇಳಿಸುವುದನ್ನು ನೋಡಲು ಸರಸ ಮನೆಯಿಂದಲೇ ಚಹಾ ತಂದರು. ಮೊದಲು ಮೋಟರ್ ಇಳಿಯಿತು. ಆಮೇಲೆ ರಬ್ಬರ್ ಹೊದಿಕೆಯೊಳಗೆ ಸುತ್ತಿಟ್ಟ, ಹೇಗೆ ಬೇಕಾದರೂ ಬಳುಕುವ ಉದ್ದ ಸರಳು. ಕೊನೆಗೆ ಒಂದು ಪೆಟ್ಟಿಗೆ ತುಂಬ ಬಗೆಬಗೆಯ ತಲೆಗಳು.

"ಇದೆಂತ ತಂಗಿ, ಕಡಗೋಲಿನ ತಲೆ ಕಂಡಂಗೆ ಇತ್ತಲ್ಲ?"

"ಹಕ್ಕಳೆ ಕೆರೂದ್, ಸರಸಕ್ಕ. ಈ ಹಲ್ಲಿನ ಚಕ್ರ ಕಾಣಿ. ಸರಳ್ ತಿರ್ಗುಕೆ ಶುರು ಆದ್ರೆ ಇದ್ ಅಗಲ ಆಯ್ಕಂಡ್ ಕೊಳವೆ ಗೋಡೆಗೆ ತಾಗುತ್ತ್. ಬದೀಲಿ ನೀರ್ ಹೋತಾ ಇರುತ್ತ್, ಉದುರಿದ್ದೆಲ್ಲ ತೊಳ್ಕಂಡ್ ಹೋತ್ತ್. ಬಾಗು ಬಂದ್ರೆ ಇಲ್ಲಿ ಮಡಚುತ್ತ್." ರಮಿತಾ ತಲೆಯ ಹಿಂದಿನ ಕೀಲನ್ನು ಮೊಣಕೈಯ ಹಾಗೆ ಮಡಚಿ ತೋರಿಸಿದಳು. "ಬರೀ ಗಟ್ಟಿ ತಂತಿ ಹಾಕಿದ್ರೆ ಬಾಗಿನಲ್ಲಿ ಸಿಕ್ಕಿಬೀಳ್ತ್."

ಶೆಟ್ಟರು ಚಹಾ ನೆತ್ತಿಗೇರಿ ಕೆಮ್ಮಿದರು.

"ಆ ಮೂಲೆಯ ಕೊಳವೆ ಎಲ್ಲ ಒಳ್ಳೆದಿತ್ತ್" ಎಂದರು ಸುಧಾರಿಸಿಕೊಂಡು. "ಅದನ್ ಮುಟ್ಟುದ್ ಬ್ಯಾಡ."

"ನೀವ್ ಒಳ್ಗೆ ಕಂಡಿದ್ರ್ಯಾ, ಶೆಟ್ರೆ?"

"ಇಲ್ಲೆ. ಒಂದ್ ಅಂದಾಜಿ."

ರಮಿತಾ ಯಾವ ಬಾಯ್ಲರಿನಲ್ಲೂ ಯಂತ್ರ ಹಾಕುವ ಮೊದಲು ದಾರಿ ನೋಡುತ್ತಿದ್ದಳು. ಮೇಲಿನ ಡ್ರಮ್ಮಿನೊಳಗೆ ನುಸುಳಿ, ಪ್ರತಿ ಕೊಳವೆಗೂ ಮರದ ಪುಟ್ಟ ಗುಂಡೊಂದನ್ನು ಬಿಡುವುದು. ಅದು ಕೆಳಗೆ ಬಂದರೆ ದಾರಿ ಇದೆ ಎಂದು ಅರ್ಥ. ಬಾರದಿದ್ದರೆ ಏನೋ ಅಡ್ಡ ಇದೆ. ಕೆಳಗೆ ಗುಂಡು ಹಿಡಿಯಲು ಯಾರಾದರೂ ಬೇಕಿತ್ತು. ಶೆಟ್ಟರು ಬೇರೆ ಯಾರಿಗೂ ಬಿಡದೆ ತಾವೇ ಕೂತರು. ಬಂದ ಗುಂಡನ್ನು ಏಣಿಯ ಮೇಲಿದ್ದ ಕೌಶಲನಿಗೆ ಕೊಡುವುದು, ಅವನು ಮೇಲೆ ದಾಟಿಸುವುದು ಎಂದಾಯಿತು.

"ಬಿಟ್ಟೆ, ಶೆಟ್ರೆ!"

ಗುಂಡು ಗಡಗಡನೆ ಉರುಳಿ ಡ್ರಮ್ಮಿನ ತಳದ ಕೆಸರಿಗೆ ಬಿತ್ತು. "ಬಂತ್!" ಎಂದರು ಶೆಟ್ಟರು. ಹೀಗೆ ಒಂದೊಂದೇ ಕೊಳವೆ ಮುಗಿಯುತ್ತ, ಗುಂಡು ಕಪ್ಪು ಕೆಸರು ಮೆತ್ತಿಕೊಂಡು ಮೇಲೆ ಕೆಳಗೆ ಓಡಾಡುತ್ತ, ಕೊನೆಗೆ ಆ ಮೂಲೆಯ ಕೊಳವೆಯ ಸರದಿ ಬಂತು.

"ಬಿಟ್ಟೆ, ಶೆಟ್ರೆ!"

ಒಳಗೆ ಗಡಗಡ ಅಂದದ್ದು ನಡುವಲ್ಲೇ ನಿಂತಿತು. ಶೆಟ್ಟರು ಡ್ರಮ್ಮಿನೊಳಗೆ ಮುಖವಿಟ್ಟು ಕಾದರು.

"ಬಂತಾ?"

ಹೆಂಡತಿ ಹಿಂದೆ ನಿಂತಿದ್ದಾಳೆ, ಮಗ ಏಣಿಯ ಮೇಲಿಂದ ಕೈ ಚಾಚಿದ್ದಾನೆ. ಶೆಟ್ಟರ ಕೈ ತಾನಾಗಿ ಸೊಂಟದ ಎಲೆಯಡಿಕೆ ಸಂಚಿಗೆ ಹೋಯಿತು. ದುಂಡನೆಯ ಇಡೀ ಅಡಿಕೆಯೊಂದು ಸಿಕ್ಕಿತು. ಅದನ್ನು ಕೆಸರಿನಲ್ಲಿ ಚೆನ್ನಾಗಿ ಹೊರಳಿಸಿ ಮಗನ ಕೈಗಿಟ್ಟರು.

"ಬಂತ್, ಬಂತ್!"

ಮೇಲೆ ಹಣೆಯ ದೀಪದ ಬೆಳಕಿನಲ್ಲಿ ರಮಿತಾ ಅದನ್ನು ಒರೆಸಿದಳು. ಗುಂಡು ಚಿಕ್ಕದಾಗಿತ್ತು. ಒಂದು ಬದಿಯಲ್ಲಿ ತೊಟ್ಟಿನ ಗುರುತು ಬೇರೆ ಮೂಡಿತ್ತು. ಅವಳು ಅದನ್ನೇ ಪಕ್ಕದ ಕೊಳವೆಗೆ ಬಿಟ್ಟಳು. ಅಡಿಕೆ ಚಂದವಾಗಿ ಉರುಳಿ ಕೆಳಗೆ ಬಂತು.

"ಬಂತ್!" ಎಂದರು ಶೆಟ್ಟರು, ಈ ಸಲ ಸತ್ಯವಾಗಿ.

ಡ್ರಮ್ಮಿನೊಳಗಿಂದ ರಮಿತಾಳ ದನಿ ಗುಂಯ್‌ಗುಡುತ್ತ ಕೇಳಿಸಿತು. "ಹ್ವಾಯ್ ಶೆಟ್ರೆ, ಅಡಿಕೆ ಸಮಾ ಬತ್ತಾ ಇತ್ತಲ್ಲ. ಇನ್ನ್ ಎಲೆ, ಸುಣ್ಣ ಕಳ್ಸುದಾ?"

ಕೌಶಲ್ ಅಪ್ಪನ ಕೈಯಲ್ಲಿದ್ದ ಅಡಿಕೆ ನೋಡಿದ, ಅಪ್ಪನನ್ನು ನೋಡಿದ. ಸರಸ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಶೆಟ್ಟರು ನೆಲಕ್ಕೆ ಕೂತೇಬಿಟ್ಟರು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಎದೆಯ ಮೇಲಿಂದ ಒಂದು ಮೂಟೆ ಭತ್ತ ಇಳಿಸಿದಂತಾಯಿತು.

"ಆ ಕೊಳವೆ ಒಳ್ಗೆ ಒಂದ್ ಬ್ರಷ್ ಇತ್ತ್" ಎಂದರು.

"ಯಾವ ಬ್ರಷ್?" ಸರಸರ ನಗು ನಿಂತಿತು.

"ಒಂದ್ ಬ್ರಷ್."

"ಯಾವ ಬ್ರಷ್ ಅಂದೆ."

"ಫ್ಲಾಸ್ಕಿಂದ್."

"ಅಯ್ಯೋ ದೇವ್ರೆ! ತೃಷಾ ಹಾಸ್ಟೆಲಿಗೆ ತಕಂಡ್ ಹೋಯಿದ್ಲ್ ಅಂದ್ಕಂಡ್ ಆ ಹೆಣ್ಣಿಗೆ ಫೋನಂಗೆ ಎಷ್ಟ್ ಬೈದೆ ನಾನ್! ಈಗ್ಲೇ ಫೋನ್ ಮಾಡಿ, ನೀವೇ ಹೇಳಿ ಅವ್ಳಿಗೆ."

ಶೆಟ್ಟರು ಕೆಸರುಗೈಯಲ್ಲೇ ಮಗಳಿಗೆ ಫೋನ್ ಮಾಡಿ ಹೇಳಿದರು. ಆ ಕಡೆಯಿಂದ ತೃಷಾ ನಕ್ಕದ್ದು ಏಣಿಯ ಮೇಲಿದ್ದ ಕೌಶಲನಿಗೂ ಕೇಳಿಸಿತು.

ರಮಿತಾ ಇಳಿದು ಬಂದಳು. ಅವಳೊಬ್ಬಳು ನಗುತ್ತಿರಲಿಲ್ಲ.

"ಬ್ರಷ್ ಸಿಕ್ಕಿಬಿದ್ದ ಮೇಲೆ ಬೆಂಕಿ ಹಾಕಿದ್ರ್ಯಾ, ಶೆಟ್ರೆ?"

"ಇಲ್ಲೆ. ಅಷ್ಟ್ ಗೊತ್ತಿತ್ತ್ ನಂಗೆ."

"ಹಾಂಗಾರೆ ಸಾಕ್. ಉಳ್ದದ್ದ್ ಎಂತ ಆದ್ರೂ ತೆಗೂಕಾತ್ತ್."

ಕಾಗೆಗೂಡು ಯಾಕೆ ಹಾರಿಹೋಯಿತು ಎಂದು ಕೌಶಲನಿಗೆ ಆಗ ಅರ್ಥವಾಯಿತು. ಅಪ್ಪನನ್ನು ಗೇಲಿ ಮಾಡಲು ತಯಾರಿಟ್ಟಿದ್ದ ಮಾತನ್ನು ಅವನು ನುಂಗಿಕೊಂಡ.

ತೆಗೆಯುವುದು ಸುಲಭವಿರಲಿಲ್ಲ. ಮೇಲಿಂದ ತಳ್ಳಿದರೆ ಬ್ರಷ್ಷಿನ ಮೇಲೆ ಕೂತ ಮರದ ಗುಂಡು ಇನ್ನಷ್ಟು ಬಿಗಿಯುತ್ತಿತ್ತು. ರಮಿತಾ ಶೆಟ್ಟರನ್ನು ಹತ್ತಿರ ಕೂರಿಸಿಕೊಂಡು, ಕೆಳಗಿಂದ ಎಷ್ಟು ತೂರಿಸಿದ್ದು, ಯಾವ ಕಡೆಗೆ ತಿರುಚಿದ್ದು ಎಂದು ಕೇಳಿದಳು. ಶೆಟ್ಟರು ಕಣ್ಣು ಮುಚ್ಚಿ, ಗಾಳಿಯಲ್ಲಿ ಕೈ ತಿರುಗಿಸಿ ತಿರುಗಿಸಿ ನೆನಪು ಮಾಡಿಕೊಂಡು ಹೇಳಿದರು. ಅವಳು ಪೆಟ್ಟಿಗೆಯಿಂದ ಸ್ಕ್ರೂವಿನಂತೆ ಸುತ್ತಿದ ಕೊಕ್ಕೆಯ ತಲೆಯೊಂದನ್ನು ಆರಿಸಿ ಸರಳಿಗೆ ಸಿಕ್ಕಿಸಿದಳು. ಕೌಶಲ್ ನೀರಿನ ಪೈಪು ಹಿಡಿದು ಮೇಲಿನ ಡ್ರಮ್ಮಿಗೆ ನುಸುಳಿದ. ಶೆಟ್ಟರ ಹೊಟ್ಟೆ ಆ ಬಾಗಿಲಲ್ಲಿ ಹಿಡಿಸುವ ಹಾಗಿರಲಿಲ್ಲ. ಅವರಿಗೆ ಮೋಟರಿನ ಸ್ವಿಚ್ಚು ಸಿಕ್ಕಿತು.

"ನಾ ಹೇಳ್ದಾಗ ಮಾತ್ರ, ಶೆಟ್ರೆ. ನಿಧಾನ."

ಮೊದಲ ಸಲ ಕೊಕ್ಕೆ ತಂತಿಯನ್ನು ಹಿಡಿದು ಜಾರಿತು. ಎರಡನೇ ಸಲ ಹಿಡಿಯಿತು, ಸುತ್ತಿತು, ಇನ್ನೂ ಸುತ್ತಿತು, ಮೋಟರಿನ ದನಿ ಒಮ್ಮೆಲೇ ದಪ್ಪಗಾಯಿತು. ರಮಿತಾ ಬಾಯಿ ತೆರೆಯುವ ಮೊದಲೇ ಶೆಟ್ಟರು ಸ್ವಿಚ್ ಆರಿಸಿದ್ದರು.

"ಒಳ್ಳೆದ್ ಮಾಡಿದ್ರಿ. ಇನ್ನೊಂಚೂರ್ ತಿರ್ಗಿದ್ರೆ ಕೊಕ್ಕೆಯೂ ಒಳ್ಗೇ ಉಳಿತಿತ್ತ್."

ಶೆಟ್ಟರು ಮುಖ ಅರಳಿಸಿ ಹೆಂಡತಿಯ ಕಡೆ ನೋಡಿದರು. "ಕೇಣಿತಾ?" ಎಂದರು.

"ಕೇಣಿತ್. ಮೊನ್ನೆ ಭಾನುವಾರ ಈ ಬುದ್ಧಿ ಎಲ್ಲಿ ಹೋಯಿತ್?"

ಆಮೇಲೆ ರಮಿತಾ ಸರಳನ್ನು ಕೈಯಲ್ಲೇ ತಿರುಗಿಸುತ್ತ, ಸ್ವಲ್ಪ ಬಿಡುತ್ತ, ಸ್ವಲ್ಪ ಎಳೆಯುತ್ತ ಹೋದಳು. "ನೀರ್ ಬಿಡಿ!" ಎಂದು ಕೂಗಿದಾಗ ಕೌಶಲ್ ಮೇಲಿಂದ ನೀರು ಬಿಟ್ಟ. ಒಂದು ಗಳಿಗೆ ಏನೂ ಆಗಲಿಲ್ಲ. ಮರುಗಳಿಗೆ ತಂತಿ, ಬ್ರಷ್ಷು, ಮರದ ಗುಂಡು, ವರ್ಷಗಟ್ಟಲೆಯ ಕೊಳೆ ಎಲ್ಲ ಒಟ್ಟಿಗೆ ದಬದಬನೆ ಬಂದವು. ಕಪ್ಪು ನೀರು ಡ್ರಮ್ಮಿನ ಬಾಗಿಲು ದಾಟಿ, ಇಣುಕಿ ನೋಡುತ್ತಿದ್ದ ಶೆಟ್ಟರ ಬಿಳಿ ಪಂಚೆಯನ್ನು ಸೊಂಟದವರೆಗೆ ತೋಯಿಸಿತು. ಸರಸ ಬ್ರಷ್ಷನ್ನು ಎರಡು ಬೆರಳಿನಲ್ಲಿ ಎತ್ತಿ, ಅತ್ತಿತ್ತ ತಿರುಗಿಸಿ ನೋಡಿ, ಕಸದ ಬುಟ್ಟಿಗೆ ಹಾಕಿದರು.

ಉಳಿದ ಕೆಲಸಕ್ಕೆ ಇನ್ನೂ ಎರಡು ದಿನ ಹಿಡಿಯಿತು. ಹಲ್ಲಿನ ಚಕ್ರಗಳು ಕೊಳವೆ ಕೊಳವೆಯೊಳಗೆ ಗರ್ರೆಂದು ಹಾಡುತ್ತ ಹೋದವು, ಮೊಟ್ಟೆಯ ಚಿಪ್ಪಿನಂಥ ಹಕ್ಕಳೆಗಳು ಬುಟ್ಟಿಗಟ್ಟಲೆ ಉದುರಿದವು. ಶೆಟ್ಟರು ಸ್ವಿಚ್ಚನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಸರಸ ಊಟವನ್ನು ಅಲ್ಲಿಗೇ ತಂದುಕೊಟ್ಟರು. ಎಲ್ಲ ಮುಗಿದು, ನೀರು ತುಂಬಿ ಒತ್ತಡ ಕೊಟ್ಟು, ಎಲ್ಲೂ ಸೋರುವುದಿಲ್ಲವೆಂದು ರಮಿತಾ ಹೇಳಿದ ಮೇಲೆಯೇ ಬೆಂಕಿ ಹಾಕಿದ್ದು. ಮುಳ್ಳು ಸರಸರನೆ ಮೇಲೇರಿತು. ಹುಳಿ ಬಂದ ಭತ್ತ ದನಗಳ ಪಾಲಾಯಿತು, ಹೊಸ ಭತ್ತ ಹೊತ್ತಿಗೆ ಸರಿಯಾಗಿ ಬೆಂದಿತು.

ಮುಂದಿನ ತಿಂಗಳು ಬೈಂದೂರಿನಲ್ಲಿ ನೆಂಟರ ಮದುವೆ. ಈ ಕಥೆಯನ್ನು ಅಲ್ಲಿ ಎಲ್ಲರ ಮುಂದೆ ಹೇಳಬೇಕೆಂದು ಸರಸ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದರು. ಆದರೆ ಊಟದ ಪಂಕ್ತಿಗೆ ಕಾಯುತ್ತ ಕೂತಿದ್ದಾಗ ಶೆಟ್ಟರೇ ಗಂಟಲು ಸರಿಮಾಡಿಕೊಂಡು ಶುರು ಮಾಡಿಬಿಟ್ಟರು. ಬ್ರಷ್ ಬಿಡಲಿಲ್ಲ, ಕಾಗೆಗೂಡು ಬಿಡಲಿಲ್ಲ, ಅಡಿಕೆಯನ್ನಂತೂ ಎದ್ದು ನಿಂತು ನಟಿಸಿಯೇ ತೋರಿಸಿದರು. ಸುತ್ತಲಿದ್ದವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಂಗೆ ಹೇಳುಕೆ ಒಂದಾದ್ರೂ ಉಳ್ಸುದಲ್ದಾ?" ಎಂದರು ಸರಸ, ನಿಜಕ್ಕೂ ಬೇಸರದಿಂದ.

ಆ ಗುಂಪಿನಲ್ಲಿ ತ್ರಾಸಿಯ ಹತ್ತಿರ ಗೇರುಬೀಜದ ಕಾರ್ಖಾನೆ ಇಟ್ಟಿದ್ದ ಸುಧೀರ್ ಎಂಬವನೂ ಇದ್ದ. ಎಲ್ಲರೂ ಊಟಕ್ಕೆ ಎದ್ದಾಗ ಅವನು ಶೆಟ್ಟರ ತೋಳು ಹಿಡಿದು ಕಂಬದ ಮರೆಗೆ ಕರೆದುಕೊಂಡು ಹೋದ.

"ಚಂದಯ್ಯಣ್ಣ, ಆ ರಮಿತಾ ಅವ್ರ ನಂಬರ್ ಬೇಕಿತ್ತ್."

"ಹಕ್ಕಳೆ ಕಟ್ಟಿತಾ?"

"ಹಕ್ಕಳೆ ಅಲ್ಲ." ಸುಧೀರ್ ಸುತ್ತ ನೋಡಿ ದನಿ ತಗ್ಗಿಸಿದ. "ಛತ್ರಿ ಕಡ್ಡಿ."

ಶೆಟ್ಟರು ನಗಲಿಲ್ಲ. ಜೇಬಿನಿಂದ ಫೋನ್ ತೆಗೆದು, ಕನ್ನಡಕ ಏರಿಸಿಕೊಂಡು ನಂಬರ್ ಹುಡುಕಿ ಕೊಟ್ಟರು. ಊಟಕ್ಕೆ ಕೂತಾಗ ಸರಸ, "ಎಂತ ಅದ್ ಗುಟ್ಟ್, ಕಂಬದ ಹಿಂದೆ?" ಎಂದು ಕೇಳಿದರು.

"ಎಂತ ಇಲ್ಲೆ" ಎಂದರು ಶೆಟ್ಟರು, ಎಲೆಗೆ ನೀರು ಚಿಮುಕಿಸುತ್ತ. "ಬಾಯ್ಲರ್ ಇಟ್ಕಂಡವ್ರ ಕಷ್ಟ ಸುಖ."