ಮೇಷ್ಟ್ರು ಮೌನ ಮುರಿದದ್ದು

ಕಾರು ಓಡಿಸಲು ಕಲಿಸುವ ಮೇಷ್ಟ್ರು ಬೌದ್ಧ ಧ್ಯಾನಕೇಂದ್ರಕ್ಕೆ ಸೇರಿದ್ದು ಹೆಂಡತಿಯ ಕಾಟಕ್ಕೆ. ವರ್ಷಗಟ್ಟಲೆ ಪಕ್ಕದ ಸೀಟಿನಲ್ಲಿ ಕೂತು ಕಿರುಚಿ ಕಿರುಚಿ ಅವರ ಬಿಪಿ ನೆತ್ತಿಗೇರಿತ್ತು. ಮನೆಯಲ್ಲಿ ಯಾರಾದರೂ ಬಾಗಿಲನ್ನು ಧಡಾರನೆ ಹಾಕಿಕೊಂಡರೂ ಸಾಕು, ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಬುದ್ಧನ ಬಗ್ಗೆ ಅವರದ್ದೇನೂ ತಕರಾರಿರಲಿಲ್ಲ. ಧಮ್ಮವೂ ಒಪ್ಪಿಗೆಯಾಯಿತು. ಮೂರನೆಯದಾದ ಸಂಘ, ಅಂದರೆ ಜೊತೆಗೆ ಕೂತು ಧ್ಯಾನ ಮಾಡುವ ಜನ, ಮಾತ್ರ ಗಂಟಲಿಗಿಳಿಯಲಿಲ್ಲ. ಎಡಕ್ಕೆ ಕೂರುವ ದರ್ಜಿ, ಉಸಿರು ಗಮನಿಸಿ ಎಂದೊಡನೆ ಗೊರಕೆ ಶುರುಮಾಡುತ್ತಿದ್ದ. ಬಲಕ್ಕೆ ಕೂರುವ ನರ್ಸಮ್ಮನಿಗೆ ಮೂಗನ್ನು ಸೊರಸೊರ ಎಳೆಯುವ ಚಾಳಿ. ಇವರಿಬ್ಬರು ಇಲ್ಲದಿದ್ದರೆ ತಾನು ಯಾವತ್ತೋ ಜ್ಞಾನಿಯಾಗಿರುತ್ತಿದ್ದೆ ಎಂದು ಮೇಷ್ಟ್ರು ಮನೆಯಲ್ಲಿ ಗೊಣಗುತ್ತಿದ್ದರು.

ಕೇಂದ್ರದ ಹಿರಿಯ ಭಿಕ್ಷುಣಿಯನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದರು. ಅಮ್ಮ ಇಳಿವಯಸ್ಸಿನಲ್ಲಿ ಹಟ ಹಿಡಿದು, ಮೇಷ್ಟ್ರ ಹತ್ತಿರವೇ ವ್ಯಾನು ಓಡಿಸಲು ಕಲಿತು ಲೈಸೆನ್ಸು ಪಡೆದಿದ್ದರು. ಮೇಷ್ಟ್ರು ಎಷ್ಟು ಕೂಗಾಡಿದರೂ ಮುಗುಳ್ನಕ್ಕು, ಅದೇ ತಪ್ಪನ್ನು ಇನ್ನಷ್ಟು ಶಾಂತವಾಗಿ ಮಾಡುತ್ತಿದ್ದರು.

ಆ ಸಲ ಬೌದ್ಧರ ಹಬ್ಬವಾದ ಸಂಘದ ದಿನವನ್ನು ಕೆರೆಯ ದಂಡೆಯಲ್ಲಿ ಆಚರಿಸುವುದೆಂದೂ, ಅಲ್ಲಿಗೆ ತಲುಪುವವರೆಗೆ ಯಾರೂ ಮಾತಾಡಕೂಡದೆಂದೂ ತೀರ್ಮಾನವಾಯಿತು. ವ್ಯಾನು ಓಡಿಸುವವರು ಅಮ್ಮ. ಪಕ್ಕದ ಸೀಟನ್ನು ಎಲ್ಲರೂ ಬಲು ಗೌರವದಿಂದ ಮೇಷ್ಟ್ರಿಗೇ ಬಿಟ್ಟುಕೊಟ್ಟರು.

ಹೊರಟ ಮೇಲೆ ಮೇಷ್ಟ್ರ ಪಾಡು ಯಾರಿಗೂ ಬೇಡ. ಅಮ್ಮ ಎರಡನೇ ಗೇರಿನಲ್ಲೇ ಊರು ದಾಟಿದರು. ಹಿಂದಿನ ಲಾರಿಗಳು ಹಾರನ್ ಬಡಿದುಕೊಂಡವು. ಮೇಷ್ಟ್ರು ತುಟಿ ಕಚ್ಚಿ, ಕಣ್ಣು ಮುಚ್ಚಿ ಉಸಿರು ಗಮನಿಸಿದರು. ಮುಚ್ಚಿದರೆ ಇನ್ನೂ ಭಯವೆಂದು ಮತ್ತೆ ತೆರೆದರು. ತಿರುವಿನಲ್ಲಿ ಆಡೊಂದು ರಸ್ತೆಗಿಳಿಯಿತು. ಅಮ್ಮ ಅದನ್ನು ಕರುಣೆಯಿಂದ ನೋಡಿದರು. ನೋಡುತ್ತಲೇ ಇದ್ದರು. ಬ್ರೇಕು ಮಾತ್ರ ಒತ್ತಲಿಲ್ಲ.

"ಬ್ರೇಕು! ಬ್ರೇಕು ಒತ್ತು ತಾಯಿ!"

ಆ ಕೂಗಿಗೆ ಅಮ್ಮ ಬ್ರೇಕನ್ನೂ ಒತ್ತಿದರು, ಸ್ಟೇರಿಂಗನ್ನೂ ತಿರುಗಿಸಿದರು. ಆಡು ಪಾರಾಯಿತು. ವ್ಯಾನಿನ ಮುಂದಿನ ಚಕ್ರ ಮೆಲ್ಲಗೆ ಚರಂಡಿಗಿಳಿಯಿತು. ಹಿಂದಿದ್ದ ಸಂಘವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ಬುತ್ತಿಯ ಜೊತೆ ತಂದಿದ್ದ ಮೊಸರಿನ ಪಾತ್ರೆ ಮೇಷ್ಟ್ರ ಹೆಗಲ ಮೇಲೆ ಬರಿದಾಯಿತು.

ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮೌನ ಮುರಿದವನು ನಾನೊಬ್ಬನೇ ಎಂದು ಮೇಷ್ಟ್ರು ಹಿಡಿಯಷ್ಟಾದರು. ಅಷ್ಟರಲ್ಲಿ ಅಮ್ಮ ಅವರತ್ತ ತಿರುಗಿದರು.

"ಮೇಷ್ಟ್ರೇ, ನೀವು ಬಾಯಿ ತೆಗೀದೆ ಇದ್ದಿದ್ರೆ ಇವತ್ತು ಒಂದು ಜೀವ ಹೋಗಿರೋದು."

ದರ್ಜಿ ಕಿಸಕ್ಕೆಂದ. ಆಮೇಲೆ ನಗು ಯಾರ ಹಿಡಿತಕ್ಕೂ ಸಿಗಲಿಲ್ಲ.

ಎಲ್ಲರೂ ಇಳಿದರು. ನರ್ಸಮ್ಮ ತಮ್ಮ ಶಾಲಿನಿಂದಲೇ ಮೇಷ್ಟ್ರ ಹೆಗಲು, ಕಿವಿ ಎಲ್ಲ ಒರೆಸಿದರು, ಎಳೆಮಗುವಿಗೆ ಒರೆಸಿದ ಹಾಗೆ. ದರ್ಜಿ ಪ್ಯಾಂಟು ಮಡಚಿ ಕೆಸರಿಗಿಳಿದ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ತಳ್ಳುವುದನ್ನು ಕಂಡು ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಇದ್ದಬದ್ದ ಗಂಟಲನ್ನೆಲ್ಲ ಸೇರಿಸಿ, ನಾನು ಹೇಳಿದಾಗ ಎಲ್ಲರೂ ಒಟ್ಟಿಗೆ ತಳ್ಳಬೇಕೆಂದು ಅಬ್ಬರಿಸಿದರು. ಯಾರೂ ಮುಖ ಗಂಟಿಕ್ಕಲಿಲ್ಲ. ಹೇಳಿದ ಹಾಗೇ ತಳ್ಳಿದರು. ವ್ಯಾನು ಎಲ್ಲರ ಮೇಲೂ ಕೆಸರು ಉಗುಳಿ ಮೇಲೆ ಬಂತು.

ಕೆರೆಯವರೆಗೆ ಹೋಗುವ ತ್ರಾಣ ಯಾರಿಗೂ ಇರಲಿಲ್ಲ. ದಾರಿ ಬದಿಯ ಮರದಡಿಯಲ್ಲೇ ಸಂಘದ ದಿನ ನಡೆಯಿತು. ಬುದ್ಧನಿಗೆ, ಧಮ್ಮಕ್ಕೆ, ಸಂಘಕ್ಕೆ ಶರಣು ಹೇಳಿದರು, ಬುತ್ತಿ ಹಂಚಿಕೊಂಡು ಉಂಡರು. ಧ್ಯಾನಕ್ಕೆ ಕೂತ ಮೇಷ್ಟ್ರಿಗೆ ಜೊಂಪು ಹತ್ತಿ, ತಲೆ ದರ್ಜಿಯ ಹೆಗಲಿಗೊರಗಿತು. ಅವನು ಅಲುಗಾಡದೆ ಕೂತಿದ್ದ.

ಸಂಜೆ ಗಂಡನ ಅವತಾರ ಕಂಡ ಹೆಂಡತಿ, ಅಲ್ಲಿಯೂ ಯಾರ ಮೇಲಾದರೂ ಕೂಗಾಡಿದಿರಾ ಎಂದು ಕೇಳಿದಳು.

"ಎಲ್ಲರ ಮೇಲೂ" ಎಂದರು ಮೇಷ್ಟ್ರು, ಅಂಗಿ ಬಿಚ್ಚುತ್ತ. "ಆದ್ರೆ ಎಷ್ಟು ಚೆನ್ನಾಗಿ ತಳ್ಳಿದ್ರು ಗೊತ್ತಾ?"